ಸಂಘದ ದಿನವೇ ಎಸ್‌ಡಿಎಂಸಿ ಸಭೆ: ನನ್ನ ಅನುಭವ

"ಕೂಲಿಗೆ ಹೋಗೋ ಹೆಂಗಸರು ಸ್ಕೂಲ್ ಮೀಟಿಂಗಿಗೆ ಬರ್ತಾರಾ? ಸುಮ್ನೆ ಇರಪ್ಪ." ನಾನು ಎಸ್‌ಡಿಎಂಸಿಗೆ, ಅಂದರೆ ಸರ್ಕಾರಿ ಶಾಲೆಯ ಮೇಲುಸ್ತುವಾರಿ ನೋಡೋ ಸಮಿತಿಗೆ, ಅಧ್ಯಕ್ಷನಾದ ವಾರವೇ ಮೂರು ಜನ ಹೀಗಂದರು. ಅವರಲ್ಲಿ ಒಬ್ಬರು ಹಳೇ ಅಧ್ಯಕ್ಷರು. ಅವರ ಕಾಲದಲ್ಲಿ ನಡಾವಳಿ ಪುಸ್ತಕ ಮನೆಮನೆ ತಿರುಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ಸಭೆ ಮಾತ್ರ ನಡೆಯುತ್ತಿರಲಿಲ್ಲ.

ನನ್ನದು ಪಾವಗಡ ಕಡೆ ಹಳ್ಳಿ, ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಶಾಲೆ ಐದನೇ ಕ್ಲಾಸಿನವರೆಗೆ. ಮಕ್ಕಳು 65ರ ಆಸುಪಾಸು, ಮನೆ ಲೆಕ್ಕದಲ್ಲಿ 45 ಇರಬಹುದು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಮ್ಮ ಪುಸ್ತಕದಲ್ಲೂ ಇತ್ತು. ಸಭೆ ಅಂತ ಕರೆದರೆ ಕುರ್ಚಿ ಮೇಲೆ ಅವರ ಗಂಡಂದಿರು ಬಂದು ಕೂರುತ್ತಿದ್ದರು.

ಮೊದಲು ಮಕ್ಕಳ ಕೈಲಿ ಚೀಟಿ ಕಳಿಸಿದೆ. ದಾರಿಯಲ್ಲೇ ರಾಕೆಟ್ ಆದವು. ಆಮೇಲೆ ಸ್ವಂತ ದುಡ್ಡಲ್ಲಿ ಟೀ, ಮಂಡಕ್ಕಿ, ಬಜ್ಜಿ ಇಟ್ಟೆ. 900 ರೂಪಾಯಿ ಹೋಯಿತು. ಗಂಡಸರು ಬಂದು ತಿಂದು ಹೋದರು. ವಾಟ್ಸಾಪ್ ಗ್ರೂಪಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು. ಮನೆ ಫೋನು ಇರೋದೇ ಗಂಡಸರ ಜೇಬಲ್ಲಿ.

ದಾರಿ ಸಿಕ್ಕಿದ್ದು ಗಿರಣಿಯಲ್ಲೇ. ರಾಗಿ ಬೀಸಿಸಲು ಬಂದ ಒಬ್ಬಾಕೆ "ಬೇಗ ಕೊಡಣ್ಣ, ಸಂಘ ಐತೆ, ತಪ್ಪಿದ್ರೆ ದಂಡ" ಅಂದಳು. ಸ್ತ್ರೀಶಕ್ತಿ ಸಂಘಕ್ಕೆ ಹೇಗೂ ಎಲ್ಲರೂ ಬರುತ್ತಾರೆ. ಅದರ ಬಾಲಕ್ಕೆ ನಮ್ಮ ಸಭೆ ಕಟ್ಟಿದರಾಯಿತು, ಅಲ್ವಾ? ಆದರೆ ಒಂದು ಸಂಘ ದೇವಸ್ಥಾನದ ಜಗುಲಿಯಲ್ಲಿ, ಇನ್ನೊಂದು ದಲಿತರ ಕಾಲೋನಿಯಲ್ಲಿ. ಅಲ್ಲಿಯವರು ಇಲ್ಲಿಗೆ ಬರಲ್ಲ, ಇಲ್ಲಿಯವರು ಅಲ್ಲಿಗೆ ಹೋಗಲ್ಲ. ತಿಂಗಳಿಗೊಮ್ಮೆ ಎರಡನ್ನೂ ಶಾಲೆ ಅಂಗಳಕ್ಕೆ, ಒಂದೇ ರಾತ್ರಿಗೆ ತರಲು ನಾಲ್ಕು ತಿಂಗಳು ಹಿಡಿಯಿತು. ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಕೇಳಿ. ಅಂಗಳಕ್ಕೆ ಬಲ್ಬ್ ನಾನೇ ಹಾಕಿಸಿದೆ. ಹೆಡ್ ಮೇಷ್ಟ್ರಿಗೆ ಕೊನೆ ಬಸ್ ಆರೂವರೆಗೆ. ಸಭೆ ದಿನ ನನ್ನ ಬೈಕಲ್ಲೇ ಊರಿಗೆ ಬಿಡುತ್ತಿದ್ದೆ, ಪೆಟ್ರೋಲು ನೂರೈವತ್ತು.

ಮೊದಲ ರಾತ್ರಿ ಹನ್ನೆರಡು ಜನ ಕೂತರು. ಜಾಸ್ತಿ ಆಗಿದ್ದು ಲೆಕ್ಕ ಬರೆದ ಮೇಲೆ. ನಮ್ಮಂಥ ಶಾಲೆಗೆ ಬರುವ ಅನುದಾನ ವರ್ಷಕ್ಕೆ 25,000. ಹಳೇ ಕರಿಹಲಗೆಯೊಂದನ್ನು ಹೊರಗೋಡೆಗೆ ಹೊಡೆದು ಮೇಷ್ಟ್ರು, ನಾನು ಇಬ್ಬರ ಹೆಸರಲ್ಲಿರೋ ಜಂಟಿ ಖಾತೆಗೆ ಬಂದದ್ದು, ಹೋದದ್ದು ಎಲ್ಲ ಬರೆಸಿದೆ. ಮೇಷ್ಟ್ರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ತಿಂಗಳು ಗೋಡೆ ಗಿಲಾವಿಗೆ 11,000 ಅಂತ ಒಂದು ಕೊಟೇಷನ್ ಇತ್ತು. ಗಾರೆ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಎದ್ದು ನಿಂತು, "ಇಷ್ಟಗಲ ಗ್ವಾಡೆಗೆ ಎಂಟು ಚೀಲ ಸಿಮೆಂಟಾ? ಮೂರು ಸಾಕು" ಅಂದರು. ಎಲ್ಲರೂ ನಕ್ಕರು, ಮೇಸ್ತ್ರಿ ನಗಲಿಲ್ಲ. ಕೊನೆಗೆ ಆರೂವರೆ ಸಾವಿರಕ್ಕೆ ಮುಗಿಯಿತು. ಉಳಿದ ದುಡ್ಡಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬಂತು. ಮುಂದಿನ ಸಭೆಗೆ 38 ಜನ. ಸುತ್ತಮುತ್ತಲ ಯಾವ ಶಾಲೆಯಲ್ಲೂ ಇಷ್ಟು ಸೇರಿದ್ದು ನಾನಂತೂ ನೋಡಿಲ್ಲ.

ನಡುವೆ ಕೈತೋಟವನ್ನೂ ಮಾಡಿದೆ. ನುಗ್ಗೆ, ಬಸಳೆ, ಟೊಮೆಟೊ. ಆಡು ಮುಟ್ಟದ ಸೊಪ್ಪಿಲ್ಲ ಅನ್ನೋದನ್ನು ಎರಡು ಸಾವಿರ ಕೊಟ್ಟು ಕಲಿತೆ. ಕಾಂಪೌಂಡ್ ಬೇಕು ಅಂತ ಅಕ್ಟೋಬರ್ 2ರ ಗ್ರಾಮಸಭೆಗೆ ಈ ಹೆಂಗಸರೆಲ್ಲ ಹೋಗಿ ನಿಂತರು. ನರೇಗಾ ಕ್ರಿಯಾಯೋಜನೆಗೆ ಸೇರಿತು. ಗೋಡೆ ಇನ್ನೂ ಸೊಂಟದ ಮಟ್ಟಕ್ಕೇ ನಿಂತಿದೆ, ಸಾಮಗ್ರಿ ಬಿಲ್ ಬಂದಿಲ್ಲ. ಆಡುಗಳು ಈಗ ಹಾರಿ ಬರುತ್ತವೆ.

ಅವಧಿ ಮುಗಿದಾಗ, ಹಿಂದಿನ ಹಾಗೆ ಯಾರೋ ಜಗುಲಿ ಮೇಲೆ ಕೂತು ಹೆಸರು ಓದೋದು ಬೇಡ ಅಂದೆವು. ಓದು ಬರದವರೂ ಇದ್ದರಲ್ಲ, ಅದಕ್ಕೆ ಡಬ್ಬಿಗಳ ಮೇಲೆ ಮಕ್ಕಳ ಕೈಲಿ ಚಿತ್ರ ಬರೆಸಿ ಹುಣಸೆ ಬೀಜ ಹಾಕಿಸಿದೆವು. ನನ್ನ ಡಬ್ಬಿಗೆ ಗಿರಣಿ ಬರೆದಿದ್ದರು, ನೋಡಲು ಬಚ್ಚಲ ಒಲೆ ಹಾಗಿತ್ತು. ಸದಸ್ಯನಾಗಿ ಗೆದ್ದೆ. ಆದರೆ ಸದಸ್ಯರೊಳಗೆ ಅಧ್ಯಕ್ಷರನ್ನು ಆರಿಸುವಾಗ ಗಾರೆ ಕೆಲಸದ ಅಕ್ಕನ ಎದುರು ಎರಡು ಬೀಜದಿಂದ ಸೋತೆ.

ಹೋದ ತಿಂಗಳು ಅಂಗಳದ ಆ ಬಲ್ಬಿನ ದುಡ್ಡು ವಾಪಸ್ ಕೊಡಿ ಅಂತ ಆ ಅಕ್ಕನನ್ನು ಕೇಳಿದೆ. "ರಸೀದಿ ತಗೊಂಬಾ ಅಣ್ಣ" ಅಂದರು.