ತಪಸ್ಸುಕಾಲದಲ್ಲಿ ಬಿಟ್ಟಿದ್ದು ಯಾರಿಗೆ ಹೋಯಿತು?

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ಕ್ರೈಸ್ತರ ತಪಸ್ಸುಕಾಲದಲ್ಲಿ ಮಾಂಸ ಬಿಡುವುದು ನಮ್ಮ ಕಡೆಯವರಿಗೆ ಅಂಥ ದೊಡ್ಡ ಕಷ್ಟವೇನಲ್ಲ. ಹುರುಳಿಕಾಳು ಬಸ್ಸಾರು, ಸೊಪ್ಪಿನ ಸಾರು, ಮುದ್ದೆ ಇರುವಾಗ ನಲವತ್ತು ದಿನ ಹೇಗೋ ಕಳೆದುಹೋಗುತ್ತದೆ, ಅಲ್ವಾ? ಇನ್ನು ಚಿಕನ್ ಬಿಟ್ಟು ಪನೀರ್ ತಂದರೆ ಖರ್ಚೂ ಜಾಸ್ತಿ, ರುಚಿಯೂ ಜಾಸ್ತಿ. ಇದನ್ನು ತಪಸ್ಸು ಅನ್ನಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ ಇಟ್ಟುಕೊಂಡು ಈ ಕಾಲವನ್ನು ಆಚರಿಸುತ್ತಿದ್ದೇನೆ. ನಾನು ಬಿಟ್ಟಿದ್ದು ಯಾರಿಗೆ ಹೋಯಿತು?

ಪ್ರಶ್ನೆ ನನ್ನದೇನಲ್ಲ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಪೂಜೆಯಲ್ಲಿ ಬೈಬಲಿನ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ ಓದುತ್ತಾರೆ. ದಾನ, ಪ್ರಾರ್ಥನೆ, ಉಪವಾಸ ಮೂರೂ ಅಲ್ಲಿ ಒಟ್ಟಿಗೇ ಬರುತ್ತವೆ, ಅದರಲ್ಲೂ ದಾನ ಮೊದಲು. ಎರಡು ದಿನ ಕಳೆದು ಶುಕ್ರವಾರ ಯೆಶಾಯನ 58ನೇ ಅಧ್ಯಾಯ. ಉಪವಾಸ ಅಂತ ತಲೆ ತಗ್ಗಿಸಿ ಕೂತವರಿಗೆ ದೇವರು ಅಲ್ಲಿ ಹೇಳುವುದು, ಮೊದಲು ಹಸಿದವನಿಗೆ ನಿನ್ನ ಅನ್ನದಲ್ಲಿ ಪಾಲು ಕೊಡು ಅಂತ. ಅಲ್ಲಿಗೆ ನನ್ನ ಪನೀರ್ ಉಪವಾಸದ ಕಥೆ ಮುಗಿಯಿತು.

ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ದಿನವೇ ಅಡುಗೆಮನೆ ಕ್ಯಾಲೆಂಡರಿನ ಮೊಳೆಗೆ ಒಂದು ಕವರ್ ಸಿಕ್ಕಿಸುತ್ತೇನೆ. ವಾರವಾರ ಮಟನ್ನಿಗೆ, ಮೀನಿಗೆ ಹೋಗುತ್ತಿದ್ದ ದುಡ್ಡು ಅದರೊಳಗೆ. ಭಾನುವಾರ ಮಟನ್ ಅಂಗಡಿಗೆ ಹೊರಡುತ್ತಿದ್ದ ಹೊತ್ತಿಗೇ ಹಾಕಿಬಿಡಬೇಕು. ತಿಂಗಳ ಕೊನೆಗೆ ನೋಡೋಣ ಅಂದರೆ ಆಗುವ ಕೆಲಸವಲ್ಲ. ನೋಟನ್ನೇ ಹಾಕುತ್ತೇನೆ. ಫೋನಿನಲ್ಲಿ ಕಳಿಸುವುದು ಸುಲಭ, ಆದರೆ ಕೈಯಿಂದ ದುಡ್ಡು ಹೋಗಿದ್ದು ಗೊತ್ತೇ ಆಗಲ್ಲ. ಮಕ್ಕಳೂ ನೋಡುತ್ತಾರೆ, ಅವರ ಬೇಕರಿ ಪಫ್‌ನ ದುಡ್ಡೂ ಒಮ್ಮೊಮ್ಮೆ ಒಳಗೆ ಬೀಳುತ್ತದೆ. ನಾನು ಕೇಳುವುದಿಲ್ಲ.

ನಿಯಮ ನೋಡಿದರೆ ನಮ್ಮ ಕಥೋಲಿಕ ಸಭೆ ಕೇಳುವುದು ತುಂಬಾ ಕಡಿಮೆ. ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ. ಒಂದು ಹೊತ್ತು ಹೊಟ್ಟೆ ತುಂಬ ಊಟ, ಇನ್ನೆರಡು ಹೊತ್ತು ಒಂಚೂರು. ಜೊತೆಗೆ ಶುಕ್ರವಾರ ಮಾಂಸ ಇಲ್ಲ, ಅದು 14 ತುಂಬಿದವರಿಗೆಲ್ಲ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಆರು ಭಾನುವಾರ ಕಳೆದು 40. ಇದನ್ನು ನಮ್ಮತ್ತೆ ಒಪ್ಪುವುದಿಲ್ಲ. "ಭಾನುವಾರ ಲೆಕ್ಕಕ್ಕಿಲ್ಲ ಅಂತ ಯಾವ ಸ್ವಾಮ್ಯೋರು ಹೇಳಿದ್ರು ನಿನಗೆ?" ಅನ್ನುತ್ತಾರೆ. ಅವರಿಗೆ ವಯಸ್ಸು ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಒಪ್ಪತ್ತು ಬೇಡವೇ ಬೇಡ ಅಂತ ಡಾಕ್ಟರ್ ಹೇಳಿದ ಮೇಲೆ ಸಂಜೆಯ ಸೀರಿಯಲ್ ಬಿಟ್ಟಿದ್ದಾರೆ. ಆ ಹೊತ್ತಿನಲ್ಲಿ ಜಪಸರ. ನನ್ನ ಕೇಳಿದರೆ ಮನೆಯಲ್ಲಿ ದೊಡ್ಡ ತಪಸ್ಸು ಅವರದೇ.

ಅವರ ಮಾತಿಗೆ ಕಟ್ಟುಬಿದ್ದು ನಮ್ಮ ಮನೆಯಲ್ಲಿ ಭಾನುವಾರವೂ ಮಾಂಸ ಇಲ್ಲ. ಆದರೆ ಬಾಡೂಟದ ಹೊಸತೊಡಕು ಅಂತ ಒಂದಿದೆಯಲ್ಲ! ಪಾಸ್ಖ ಬರುವುದು ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ. ಬಹುತೇಕ ವರ್ಷ ಅದು ಯುಗಾದಿಯ ನಂತರದ ಹುಣ್ಣಿಮೆಯೇ ಆಗಿರುತ್ತದೆ. ಅಂದರೆ ಯುಗಾದಿಯೂ ಮಾರನೇ ದಿನದ ಹೊಸತೊಡಕೂ ನೆಟ್ಟಗೆ ನಮ್ಮ ತಪಸ್ಸಿನ ಮಧ್ಯಕ್ಕೇ ಬಂದು ಕೂರುತ್ತವೆ. ಇಡೀ ಬೀದಿಯಲ್ಲಿ ಮಸಾಲೆ ಘಮ. 2026ರಲ್ಲಂತೂ ಯುಗಾದಿ ಮಾರ್ಚ್ 19ರ ಗುರುವಾರ, ಹೊಸತೊಡಕು ಶುಕ್ರವಾರ. ಬಾಡಿನ ಸಾರಿನ ಬಟ್ಟಲು ಬರುವ ಮುಂಚೆಯೇ ಪಕ್ಕದ ಮನೆಯ ಅಕ್ಕನಿಗೆ ಹೇಳೋಣ ಅಂತ ಹೋದೆ. "ನಿಮಗೂ ಶುಕ್ರವಾರ ಆಗಲ್ವಾ? ನಮಗೂ ಆಗಲ್ಲ ಕಣಮ್ಮ, ಭಾನುವಾರಕ್ಕೆ ಇಟ್ಕೊಂಡಿದೀವಿ, ಎಲ್ಲರೂ ಬನ್ನಿ" ಅಂದರು. ಹೋದೆವು, ತಿಂದೆವು. ಪ್ರೀತಿಯಿಂದ ಕರೆದವರ ಮನೆಯಲ್ಲಿ ಎಲೆ ಮುಂದೆ ಕೂತು ನನ್ನ ವ್ರತದ ವಿಷಯ ಹೇಳುವುದು ಮತ್ತಾಯನ ಆ ಅಧ್ಯಾಯ ಬೇಡ ಅನ್ನುವ, ಜನ ನೋಡಲಿ ಅನ್ನುವ ತೋರಿಕೆಯೇ ಅಂತ ನನ್ನ ಅನಿಸಿಕೆ. ಅತ್ತೆ ಮಾತ್ರ ಹೋಳಿಗೆ ತಿಂದು ಎದ್ದರು.

ದುಡ್ಡಿನ ಲೆಕ್ಕ ಸುಲಭ. ಹೊತ್ತಿನ ಲೆಕ್ಕ ಕಷ್ಟ. ರಾತ್ರಿ ಊಟದ ಮೇಲೆ ಸುಮ್ನೆ ಫೋನ್ ತಿರುವುತ್ತಾ ಕೂರುತ್ತಿದ್ದೆ, ಅದನ್ನು ಬಿಟ್ಟೆ. ಬಿಟ್ಟ ಹೊತ್ತು ಯಾರಿಗಾದರೂ ಹೋಗಬೇಕಲ್ಲ? ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಚರ್ಚಿಗೆ ಹೋಗಿ ಶಿಲುಬೆ ಹಾದಿ ಮುಗಿಸುತ್ತೇನೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಹದಿನಾಲ್ಕು ಸ್ಥಳ, ಏಳುವುದು, ಮಂಡಿಯೂರುವುದು. ಮನೆಗೆ ಬಂದು ಒಬ್ಬರಿಗೆ ಫೋನ್ ಮಾಡುತ್ತೇನೆ. ಯಾರ ಹತ್ತಿರ ಮಾತು ನಿಂತಿದೆಯೋ ಅವರಿಗೆ.

ಮೊದಲು ಮಾಡಿದ್ದು ನಮ್ಮ ಅತ್ತಿಗೆಗೆ. ಊರಿನ ಜಮೀನಿನ ವಿಷಯಕ್ಕೆ ಎರಡೂ ಮನೆಗೆ ಮಾತಿರಲಿಲ್ಲ. ಏನು ಮಾತಾಡಲಿ ಅಂತ ತೋಚದೆ ಈ ಸಲ ಹುಣಸೆಹಣ್ಣು ಹೇಗಿದೆ ಅಂತ ಕೇಳಿದೆ. ಪರವಾಗಿಲ್ಲ ಅಂದರು. ಬಿಸಿಲು ಜಾಸ್ತಿ ಅಂದರು. ಅಷ್ಟೇ, ಇಟ್ಟುಬಿಟ್ಟರು. ಮುಂದಿನ ಶುಕ್ರವಾರ ಎತ್ತಲೇ ಇಲ್ಲ. ಅದರ ಮುಂದಿನ ವಾರ ಎತ್ತಿದರು, ಮಕ್ಕಳ ಪರೀಕ್ಷೆ ಬಗ್ಗೆ ಕೇಳಿದರು. ಜಮೀನು ಇನ್ನೂ ಇದ್ದಲ್ಲೇ ಇದೆ. ಆದರೆ ಬಲಿಪೂಜೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಅನ್ನುವ ಸಾಲು ಬಂದಾಗ ಈಗ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಗುರುಗಳ ಹತ್ತಿರ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯನ್ನು ಪಾಸ್ಖದ ಹಿಂದಿನ ಪವಿತ್ರ ವಾರದವರೆಗೆ ಎಳೆಯಬೇಡಿ. ಆಗ ಸಾಲು ಉದ್ದ, ಸ್ವಾಮಿಗಳಿಗೂ ಪುರುಸೊತ್ತಿಲ್ಲ, ನಿಮಗೂ ಇಲ್ಲ. ನಾಲ್ಕನೇ ವಾರದೊಳಗೆ ಮುಗಿಸಿದರೆ ನೆಮ್ಮದಿಯಾಗಿ ನಾಲ್ಕು ಮಾತು ಆಡಬಹುದು.

ಪವಿತ್ರ ಗುರುವಾರ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವ ಪೂಜೆ. ಅವತ್ತು ಕವರ್ ಮೊಳೆಯಿಂದ ಇಳಿಯುತ್ತದೆ. ಒಂದು ಪಾಲು ಚರ್ಚಿನ ತಪಸ್ಸುಕಾಲದ ಕಾಣಿಕೆಗೆ. ಕಥೋಲಿಕ ಸಭೆಯ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ವರ್ಷ ಈ ಕಾಲದಲ್ಲೇ ದೇಣಿಗೆ ಸಂಗ್ರಹಿಸುತ್ತದೆ. ಉಳಿದಿದ್ದು ನಮ್ಮ ಬೀದಿಯಲ್ಲೇ ಒಬ್ಬರಿಗೆ, ಡಯಾಲಿಸಿಸ್‌ಗೆ ಓಡಾಡುವ ಆಟೋ ಖರ್ಚಿಗೆ. ಕೊಟ್ಟಿದ್ದು ಯಾರು ಅಂತ ಅವರಿಗೆ ಗೊತ್ತಾಗದ ಹಾಗೆ ಕೊಡಲು ಒಂದಿಷ್ಟು ಉಪಾಯ ಮಾಡಬೇಕಾಗುತ್ತದೆ. ಆ ಉಪಾಯ ಇಲ್ಲಿ ಹೇಳಿದರೆ ಕೆಟ್ಟಿತು.

ಪಾಸ್ಖದ ಬೆಳಗ್ಗೆ ಅತ್ತೆಯೇ ಮುಂದೆ ನಿಂತು ಬಿರಿಯಾನಿಗೆ ಈರುಳ್ಳಿ ಹೆಚ್ಚಿಸುತ್ತಾರೆ. ಪಾಸ್ಖ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ, ತಪಸ್ಸಿಗಿಂತ ಉದ್ದ. ಅಷ್ಟು ದಿನ ಹಬ್ಬ ಮಾಡುವುದು ಹೇಗೆ ಅಂತ ನಾನಿನ್ನೂ ಕಲಿತಿಲ್ಲ. ಸದ್ಯಕ್ಕೆ ಅತ್ತಿಗೆಗೆ ಫೋನ್ ಮಾಡುವುದನ್ನು ಮುಂದುವರಿಸಿದ್ದೇನೆ, ಶುಕ್ರವಾರದ ಬದಲು ಭಾನುವಾರ.