ಸೂಪರ್‌ಹೀರೋ ಕಾಮಿಕ್: ಒಂದೇ ಸಂಚಿಕೆಯನ್ನು ತೂಗಿ ನೋಡುವುದು ಹೇಗೆ?

ಸೂಪರ್‌ಹೀರೋ ಕಾಮಿಕ್‌ಗಳ ಮಾತು ಶುರುವಾದರೆ ಸುತ್ತಿ ಸುತ್ತಿ ನಾಯಕನ ಬಳಿಗೇ ಬಂದು ನಿಲ್ಲುತ್ತದೆ. ಸ್ಪೈಡರ್‌ಮ್ಯಾನ್ ದೊಡ್ಡವನೋ ಬ್ಯಾಟ್‌ಮ್ಯಾನ್ ದೊಡ್ಡವನೋ, ಹಳೆಯ ಕಥೆಗಳು ಚೆನ್ನಾಗಿದ್ದವೋ ಈಗಿನವೋ. ಈ ತಿಂಗಳು ಬಂದ ಸಂಚಿಕೆ ಹೇಗಿದೆ ಅಂತ ಬಿಡಿಸಿ ಹೇಳುವವರು ಕಡಿಮೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ನವನಗರದಲ್ಲಿ ಕಾಲೇಜು ಹುಡುಗ ಹುಡುಗಿಯರು ಫೋನಿನಲ್ಲೇ ಇವುಗಳನ್ನು ಓದುತ್ತಾರೆ. ಕೆಲವರು ದುಡ್ಡು ಕೂಡಿಸಿ ಕೊರಿಯರ್‌ನಲ್ಲಿ ತರಿಸುತ್ತಾರೆ. ಓದಿದ್ದನ್ನು ತೂಗಿ ನೋಡುವ ದಾರಿ ಹೇಗೆ ಅಂತ ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿರುವುದು ಎಷ್ಟು ಅಂತ ನೋಡಿ. ಅಮೆರಿಕದ ಮಾಸಿಕ ಕಾಮಿಕ್‌ನಲ್ಲಿ ಸಾಮಾನ್ಯವಾಗಿ 32 ಪುಟ ಇರುತ್ತವೆ. ಕಥೆ ಅಂತ ಸಿಗುವುದು 20ರಿಂದ 22 ಪುಟ, ಉಳಿದದ್ದು ಜಾಹೀರಾತು. ಈಗ ಬೆಲೆ ಹೆಚ್ಚಾಗಿ 3.99 ಅಥವಾ 4.99 ಡಾಲರ್. ಓದಲು ಕಾಲು ಗಂಟೆ ಸಾಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಇಪ್ಪತ್ತು ಪುಟ ನನಗೆ ಏನು ಕೊಟ್ಟವು?

ಹುಡುಗನೊಬ್ಬ ನನ್ನನ್ನು ಕೇಳಿದ್ದ: "ಅಣ್ಣಾರ, ನಾ ನಡುವಿಂದ ಓದಾಕ ಹತ್ತೇನಿ. ಹಿಂದಿಂದು ಏನೂ ಗೊತ್ತಿಲ್ಲ. ಛಲೋ ಐತಿ, ಇಲ್ಲ ಅಂತ ನಾ ಹೆಂಗ ಹೇಳ್ಲಿ?" ಧೈರ್ಯವಾಗಿ ಹೇಳಬಹುದು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್' ಶುರುವಾದದ್ದು 1938ರಲ್ಲಿ. ಅದರ ಸಾವಿರನೇ ಸಂಚಿಕೆ 2018ರಲ್ಲಿ ಬಂತು. ಅಷ್ಟನ್ನೂ ಓದಿ ಮುಗಿಸಿಯೇ ಬಾಯಿ ಬಿಡಬೇಕು ಅಂದರೆ ಯಾರೂ ಮಾತಾಡುವ ಹಾಗಿಲ್ಲ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡುವವರನ್ನೇ ನೋಡಿ. ಸತ್ಯಭಾಮೆ ಮುನಿಯುತ್ತಾಳೆ, ಕೊರವಂಜಿ ಬರುತ್ತಾಳೆ ಅಂತ ಎಲ್ಲರಿಗೂ ಗೊತ್ತು. ಆದರೂ ಬೆಳಿಗ್ಗೆ ಚಹಾದಂಗಡಿಯಲ್ಲಿ ಮಾತಾಡುವುದು ನಿನ್ನೆ ರಾತ್ರಿಯ ಆಟ ಹೇಗಾಯಿತು ಅಂತ. ಸಂಚಿಕೆಯನ್ನೂ ಹಾಗೇ ನೋಡಬೇಕು.

ಮೊದಲ ಓದು: ಎಲ್ಲೂ ನಿಲ್ಲಬೇಡಿ

ಸುಮ್ನೆ ಓದಿ. ಟಿಪ್ಪಣಿ ಬೇಡ. ಎಲ್ಲಿ ಅರ್ಥವಾಗದೆ ಹಿಂದಿನ ಪುಟಕ್ಕೆ ಹೋದಿರಿ, ಎಲ್ಲಿ ಬೇಸರವಾಗಿ ಬೇಗ ಬೇಗ ಪುಟ ತಿರುಗಿಸಿದಿರಿ, ಇದಿಷ್ಟು ನೆನಪಿರಲಿ. ಮುಗಿದ ಮೇಲೆ ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಿ ನೋಡಿ. "ಇಬ್ಬರು ಹೊಡೆದಾಡಿದರು, ಮುಂದುವರಿಯುವುದು" ಅಂತ ಬಿಟ್ಟರೆ ಬೇರೇನೂ ಹೊಳೆಯದಿದ್ದರೆ ಎಲ್ಲೋ ಕೊರತೆ ಇದೆ ಅಂತಲೇ ತಿಳಿಯಿರಿ.

ಎರಡನೇ ಓದು: ಮಾತು ಬಿಟ್ಟು ಚಿತ್ರ

ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ. ನಾವು ಓದಿನವರು, ಕಣ್ಣು ನೇರ ಬಲೂನಿಗೆ, ಅಂದರೆ ಪಾತ್ರದ ಮಾತು ಬರೆದಿರುವ ಗುಳ್ಳೆಗೆ, ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಈ ಸಲ ಬಲೂನುಗಳನ್ನು ಓದಬೇಡಿ. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರು ಎಲ್ಲಿ ನಿಂತಿದ್ದಾರೆ, ಏಟು ಯಾವ ಕಡೆಯಿಂದ ಬಂತು, ಇವೆಲ್ಲ ಚಿತ್ರದಿಂದಲೇ ತಿಳಿಯಬೇಕು.

ಇದನ್ನು ಕಲಿಯಲು ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಜಾಗ ಇದೆ. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ದೃಶ್ಯಗಳನ್ನು ಕೆತ್ತಿದ್ದಾರೆ. ಎಂಟನೇ ಶತಮಾನದ ಕೆಲಸ. ಅಲ್ಲಿ ಬಲೂನಿಲ್ಲ. ಕೈ ಎತ್ತಿದ ರೀತಿ, ಮೈ ಬಾಗಿದ ರೀತಿ, ಯಾರು ಯಾರ ಕಡೆ ತಿರುಗಿದ್ದಾರೆ ಅನ್ನುವುದರ ಮೇಲೇ ಕಥೆ ನಡೆಯುತ್ತದೆ. ಗೈಡ್ ಬಾಯಿ ತೆರೆಯುವ ಮುಂಚೆ ನೀವೇ ಒಂದೊಂದು ದೃಶ್ಯ ಗುರುತಿಸಲು ನೋಡಿ. ಆಮೇಲೆ ಕಾಮಿಕ್ ಹಿಡಿದರೆ ಕಣ್ಣು ಬೇರೆ ತರಹ ಕೆಲಸ ಮಾಡುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 33ನೇ ಸಂಚಿಕೆ, ಫೆಬ್ರವರಿ 1966. ನಾಯಕ ಭಾರೀ ಯಂತ್ರದ ಅಡಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಮೇಲಿಂದ ನೀರು ಸೋರುತ್ತಿದೆ. ಸಾವಿನ ಅಂಚಿನಲ್ಲಿರುವ ಚಿಕ್ಕಮ್ಮನ ಔಷಧಿ ಎದುರಿಗೇ ಬಿದ್ದಿದೆ, ಕೈಗೆ ಎಟುಕುತ್ತಿಲ್ಲ. ಯಂತ್ರವನ್ನು ಎತ್ತಿ ಎದ್ದರೆ ಮುಗಿಯಿತು, ಒಂದೇ ಚಿತ್ರದಲ್ಲಿ ತೋರಿಸಿಬಿಡಬಹುದಿತ್ತು. ಚಿತ್ರಕಾರ ಸ್ಟೀವ್ ಡಿಟ್ಕೋ ಅದಕ್ಕೆ ಐದು ಪುಟ ಕೊಟ್ಟರು. ಪ್ರಯತ್ನ, ಸೋಲು, ಮತ್ತೆ ಪ್ರಯತ್ನ. ಚೌಕಟ್ಟಿನೊಳಗೆ ಅವನು ಇಕ್ಕಟ್ಟಾಗಿ ಕೂತಿರುವಾಗ ನಮಗೂ ಉಸಿರು ಕಟ್ಟುತ್ತದೆ. ಕೊನೆಗೆ ಪುಟಪೂರ್ತಿ ಒಂದೇ ಚಿತ್ರ: ಯಂತ್ರ ಮೇಲೆದ್ದಿದೆ. ಆ ಚಿತ್ರ ದೊಡ್ಡದಾಗಿರುವುದಕ್ಕೆ ಕಾರಣ ಇದೆ. ಹಿಂದಿನ ಪುಟಗಳ ಇಕ್ಕಟ್ಟೇ ಆ ಅಗಲವನ್ನು ಗಳಿಸಿಕೊಟ್ಟಿದೆ. ನಿಮ್ಮ ಸಂಚಿಕೆಯಲ್ಲಿ ಇಂಥ ಪುಟಪೂರ್ತಿ ಚಿತ್ರ ಬಂದಾಗ ಅದಕ್ಕೆ ಆ ಜಾಗ ಸಲ್ಲುತ್ತದೆಯೇ ಅಂತ ಕೇಳಿ. ಸುಮ್ಮನೆ ಭಂಗಿ ಕೊಟ್ಟು ನಿಂತ ನಾಯಕನಿಗೆ ಒಂದು ಇಡೀ ಪುಟ ಹೋಗಿದ್ದರೆ, ಇಪ್ಪತ್ತರಲ್ಲಿ ಒಂದು ಪುಟ ಪೋಲಾಯಿತು.

ಫೋನಿನಲ್ಲಿ ಓದುವವರಿಗೆ ಒಂದು ಮಾತು. ಒಂದೊಂದೇ ಚೌಕಟ್ಟನ್ನು ದೊಡ್ಡದು ಮಾಡಿ ತೋರಿಸುವ ಸೌಲಭ್ಯ ಓದಲು ಹಿತ. ಆದರೆ ಅದರಲ್ಲಿ ಸಣ್ಣ ಚೌಕಟ್ಟು, ದೊಡ್ಡ ಚೌಕಟ್ಟು ಎಲ್ಲ ಒಂದೇ ಅಳತೆಗೆ ಬರುತ್ತವೆ. ತೂಗಿ ನೋಡುವಾಗ ಇಡೀ ಪುಟವನ್ನು ಒಟ್ಟಿಗೆ ನೋಡಿ. ಸಾಧ್ಯವಾದರೆ ಎದುರುಬದುರು ಎರಡು ಪುಟವನ್ನೂ. ಅಚ್ಚಿನ ಕಾಮಿಕ್‌ನಲ್ಲಿ ಬೆಚ್ಚಿಬೀಳಿಸುವ ಚಿತ್ರವನ್ನು ಪುಟ ತಿರುಗಿಸಿದ ಮೇಲೆ ಕಾಣುವ ಹಾಗೆ ಎಡಗಡೆ ಇಡುತ್ತಾರೆ. ಬಲಪುಟದ ಕೊನೆಯ ಚೌಕಟ್ಟು ನಿಮ್ಮನ್ನು ಪುಟ ತಿರುಗಿಸುವಂತೆ ಮಾಡಿತೇ? ಗಮನಿಸಿ.

ಅಕ್ಷರ, ಬಣ್ಣ

ಬಲೂನಿನ ಮಾತನ್ನು, ಸದ್ದಿನ ಪದಗಳನ್ನು ಪುಟದ ಮೇಲೆ ಅಕ್ಷರವಾಗಿ ಬರೆಯುವವರ ಕೆಲಸವನ್ನು ಯಾರೂ ಮಾತಾಡಿಸುವುದಿಲ್ಲ, ಅದು ನನಗೆ ಬೇಸರದ ಸಂಗತಿ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯದೇ 121ನೇ ಸಂಚಿಕೆ, ಜೂನ್ 1973. ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿ ಸೇತುವೆಯಿಂದ ಬೀಳುತ್ತಾಳೆ, ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುತ್ತಾನೆ. ಅವಳ ಕುತ್ತಿಗೆಯ ಹತ್ತಿರ ಪುಟ್ಟದಾಗಿ 'ಸ್ನ್ಯಾಪ್' ಅಂತ ಒಂದೇ ಪದ. ಬಿದ್ದ ಏಟಿಗೆ ಸತ್ತಳೋ, ಹಿಡಿದದ್ದಕ್ಕೇ ಸತ್ತಳೋ ಅಂತ ಓದುಗರು ಇವತ್ತಿಗೂ ವಾದ ಮಾಡುವುದು ಆ ಸಣ್ಣ ಪದದಿಂದ. ಆ ಸಂಚಿಕೆ ಕಥೆಯ ಹೆಸರನ್ನೂ ಮೊದಲ ಪುಟದಲ್ಲಿ ಹೇಳಲಿಲ್ಲ, ಕೊನೆಯ ಪುಟಕ್ಕೆ ಇಟ್ಟುಕೊಂಡಿತು. ಹೆಸರಿನಲ್ಲೇ ಸಾವು ಇತ್ತು, ಅದಕ್ಕೆ.

ಹಾಗಾಗಿ ಬಲೂನುಗಳು ಯಾವ ಸಾಲಿನಲ್ಲಿ ಓದಬೇಕೋ ಆ ಸಾಲಿನಲ್ಲೇ ಇವೆಯೇ, ಚಿತ್ರದ ಮುಖ್ಯ ಭಾಗವನ್ನು ಮುಚ್ಚಿವೆಯೇ ನೋಡಿ. ಬಣ್ಣದಲ್ಲಿ ರಾತ್ರಿ ರಾತ್ರಿಯಂತೆ ಕಂಡು, ಮುಖಗಳೂ ಕಾಣಿಸಿದರೆ ಸಾಕು.

ಮಧ್ಯದಲ್ಲಿ ಮುಖಗಳೇ ಬೇರೆಯಾದಂತೆ ಅನ್ನಿಸಿದರೆ ಸಂಚಿಕೆ ಮಾಡಿದವರ ಹೆಸರುಗಳ ಪಟ್ಟಿಗೆ ಹೋಗಿ. ತಿಂಗಳ ಗಡುವಿಗೆ ಮುಗಿಸಲಾಗದೆ ಕೊನೆಯ ಕೆಲವು ಪುಟಗಳನ್ನು ಬೇರೆ ಚಿತ್ರಕಾರರು ಬರೆಯುವುದು ಉಂಟು. ಹೊಗಳಿಕೆ ಆಗಲಿ ತೆಗಳಿಕೆ ಆಗಲಿ ಸರಿಯಾದವರಿಗೆ ಹೋಗಬೇಕಲ್ವಾ? ಆ 33ನೇ ಸಂಚಿಕೆಯ ಕಾಲದಲ್ಲಿ ಕಥೆಯ ಹಂದರ ಹೆಣೆಯುತ್ತಿದ್ದವರೂ ಡಿಟ್ಕೋ ಅವರೇ. ಬರಹಗಾರ ಸ್ಟ್ಯಾನ್ ಲೀ ಆಮೇಲೆ ಮಾತು ಬರೆಯುತ್ತಿದ್ದರು. "ಬರಹಗಾರರು ಚೆನ್ನಾಗಿ ಯೋಚಿಸಿದ್ದಾರೆ" ಅಂತ ಬರೆದುಬಿಟ್ಟರೆ ಅಲ್ಲಿ ಅನ್ಯಾಯವಾಗುತ್ತದೆ.

ಏನು ಬದಲಾಯಿತು?

ಈಗ ಕಥೆಗೆ ಬನ್ನಿ. ಮೊದಲ ಪುಟದಲ್ಲಿ ಇದ್ದ ಸ್ಥಿತಿ, ಕೊನೆಯ ಪುಟದ ಸ್ಥಿತಿ, ಎರಡನ್ನೂ ಬರೆದುಕೊಳ್ಳಿ. ಯಾರಾದರೂ ಒಂದು ತೀರ್ಮಾನ ಮಾಡಿರಬೇಕು, ಏನಾದರೂ ಕಳೆದುಕೊಂಡಿರಬೇಕು, ಗುಟ್ಟೊಂದು ಹೊರಬಿದ್ದಿರಬೇಕು. ಈಗ ಐದಾರು ಸಂಚಿಕೆ ಸೇರಿಸಿ ಪುಸ್ತಕ ಮಾಡಿ ಮಾರುವ ರೂಢಿ ಬಲವಾಗಿದೆ. ಅದಕ್ಕಾಗಿ ಎರಡು ಸಂಚಿಕೆಗೆ ಸಾಕಾಗುವ ಕಥೆಯನ್ನು ಆರಕ್ಕೆ ಎಳೆಯುತ್ತಾರೆ. "ಪೂರ್ತಿ ಬಂದ ಮೇಲೆ ಓದಿ, ಚೆನ್ನಾಗಿರುತ್ತೆ" ಅನ್ನುವ ಸಮಜಾಯಿಷಿ ನಾನು ಒಪ್ಪುವುದಿಲ್ಲ. ಓದುಗ ದುಡ್ಡು ಕೊಟ್ಟದ್ದು ಈ ಸಂಚಿಕೆಗೆ.

ಕೊನೆಯ ಪುಟದ ಕುತೂಹಲವನ್ನೂ ಪರೀಕ್ಷಿಸಿ. ಕಥೆಯೊಳಗಿಂದಲೇ ಹುಟ್ಟಿದ್ದರೆ ಒಳ್ಳೆಯದು. ಎಲ್ಲಿಂದಲೋ ಬಂದ ಹೊಸ ಖಳ ಬಾಗಿಲಲ್ಲಿ ನಿಂತರೆ ಅದು ಮುಂದಿನ ಸಂಚಿಕೆಯ ಜಾಹೀರಾತು ಅಷ್ಟೇ.

ಹಿಂದಿನ ಸಂಗತಿ ಗೊತ್ತಿಲ್ಲದವನಿಗೂ ದಾರಿ ಸಿಗುತ್ತದೆಯೇ ಅನ್ನುವುದಕ್ಕೆ ಸುಲಭದ ಉಪಾಯ ಇದೆ. ಮನೆಯಲ್ಲಿ ತಂಗಿಗೋ ತಮ್ಮನಿಗೋ ಮೊದಲ ಮೂರು ಪುಟ ಕೊಟ್ಟು ಓದಲು ಹೇಳಿ. "ಇವ ಯಾರು? ಯಾಕ ಓಡಾಕತ್ತಾನ?" ಅಂತ ಕೇಳಿದರೆ ಪರವಾಗಿಲ್ಲ, ಆಸಕ್ತಿ ಹುಟ್ಟಿದೆ. ಫೋನ್ ವಾಪಸ್ ಕೊಟ್ಟು ಎದ್ದುಹೋದರೆ ಅದನ್ನೂ ಬರೆದುಕೊಳ್ಳಿ.

ಬರೆಯುವಾಗ

ಕಥೆಯ ಸಾರಾಂಶ ನಾಲ್ಕು ಸಾಲು ದಾಟದಿರಲಿ, ಕೊನೆಯ ಪುಟದ ಗುಟ್ಟು ಬಿಟ್ಟುಕೊಡಬೇಡಿ. "ಚಿತ್ರ ಸೂಪರ್" ಅಂತ ಬರೆದರೆ ಓದಿದವರಿಗೆ ಏನೂ ಸಿಗುವುದಿಲ್ಲ. ಒಂದು ಪುಟ ಆರಿಸಿ, ಅದರ ಸಂಖ್ಯೆ ಹೇಳಿ, ಅಲ್ಲಿ ಏನು ಕೆಲಸ ಮಾಡಿತು ಅಂತ ಬರೆಯಿರಿ. ನಾಯಕನ ಮೇಲಿನ ಪ್ರೀತಿಯನ್ನು ಮೊದಲೇ ಹೇಳಿಬಿಡಿ, ಓದುವವರು ಅದನ್ನು ಕಳೆದು ಲೆಕ್ಕ ಹಾಕಿಕೊಳ್ಳುತ್ತಾರೆ. ಅಂಕ ಕೊಡುವುದಾದರೆ ಎಲ್ಲ ಬರೆದ ಮೇಲೆ ಕೊಡಿ. ಮೊದಲೇ ಎಂಟು ಅಂತ ಹಾಕಿಕೊಂಡರೆ ಬರಹ ಪೂರ್ತಿ ಆ ಎಂಟನ್ನು ಸಮರ್ಥಿಸುವುದರಲ್ಲೇ ಮುಗಿಯುತ್ತದೆ.