ದೊಡ್ಡ ಟಯರ್ ಹಾಕಿದ ಪಿಕಪ್‌ನ ಮೈಲೇಜ್: ನಾನು ಅಳೆಯುವ ಕ್ರಮ

ಪಿಕಪ್‌ಗೆ ದೊಡ್ಡ ಟಯರ್ ಹಾಕಿಸಿ, ಸಸ್ಪೆನ್ಷನ್ ಎತ್ತರಿಸಿ, ಮುಂದೆ ಉಕ್ಕಿನ ಬಂಪರನ್ನೂ ಮೇಲೆ ಕ್ಯಾರಿಯರನ್ನೂ ಕೂರಿಸಿದ ಮೇಲೆ ಮೈಲೇಜ್ ಎಷ್ಟು ಇಳಿಯಿತು ಎಂದು ತಿಳಿಯಬೇಕಾದರೆ, ವಾಹನ ನಿಜಕ್ಕೂ ಎಷ್ಟು ದೂರ ಓಡಿತು ಎಂಬುದು ಮೊದಲು ಇತ್ಯರ್ಥವಾಗಬೇಕು. ಇಂಧನ ತುಂಬಿಸುವಾಗಿನ ತಪ್ಪು ಒಮ್ಮೆ ಹೆಚ್ಚಾಗಿ ಒಮ್ಮೆ ಕಡಿಮೆಯಾಗಿ ಬರುವುದರಿಂದ ಹಲವು ಟ್ಯಾಂಕ್‌ಗಳ ಲೆಕ್ಕದಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ದೂರದ ತಪ್ಪು ಸದಾ ಒಂದೇ ಕಡೆಗೆ ವಾಲಿರುತ್ತದೆ. ವರ್ಷವಿಡೀ ಬರೆದಿಟ್ಟರೂ ಅದು ಕರಗುವುದಿಲ್ಲ. ಆದ್ದರಿಂದ ನನ್ನ ಶ್ರಮದ ಹೆಚ್ಚಿನ ಪಾಲು ದೂರದ ಲೆಕ್ಕಕ್ಕೇ ಹೋಯಿತು.

ಓಡೋಮೀಟರ್ ಚಕ್ರದ ಸುತ್ತುಗಳನ್ನೋ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಸುತ್ತುಗಳನ್ನೋ ಎಣಿಸಿ, ಕಾರ್ಖಾನೆಯಲ್ಲಿ ನಮೂದಿಸಿದ ಟಯರಿನ ಅಳತೆಯ ಪ್ರಕಾರ ಅದನ್ನು ದೂರಕ್ಕೆ ಪರಿವರ್ತಿಸುತ್ತದೆ. ಮೊದಲಿದ್ದ 265/65 ಆರ್17 (ಅಗಲ ಮಿ.ಮೀ.ನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾವಾರಿನಲ್ಲಿ, ರಿಮ್ಮಿನ ವ್ಯಾಸ ಇಂಚಿನಲ್ಲಿ) ಟಯರಿನ ವ್ಯಾಸ ಲೆಕ್ಕದಲ್ಲಿ ಸುಮಾರು 776 ಮಿ.ಮೀ.; ಈಗಿನ 285/70 ಆರ್17 ಟಯರಿನದು ಸುಮಾರು 831 ಮಿ.ಮೀ. ವ್ಯತ್ಯಾಸ ಶೇ. 7. ಟ್ರಿಪ್ ಮೀಟರ್ 500 ಕಿ.ಮೀ. ತೋರಿಸುವಾಗ ವಾಹನ 535 ಕಿ.ಮೀ. ಕ್ರಮಿಸಿರುತ್ತದೆ. ಆ ದೂರಕ್ಕೆ 55 ಲೀಟರ್ ಖರ್ಚಾಗಿದ್ದರೆ ಮೀಟರಿನ ಪ್ರಕಾರ ಲೀಟರಿಗೆ 9.1 ಕಿ.ಮೀ., ವಾಸ್ತವದಲ್ಲಿ 9.7. ದೊಡ್ಡ ಟಯರ್ ಹಾಕಿಸಿದವರು ದೂರುವ ಮೈಲೇಜ್ ಕುಸಿತದಲ್ಲಿ ಒಂದು ಪಾಲು ಹೀಗೆ ಕಾಗದದ ಮೇಲಷ್ಟೇ ಆದ ಕುಸಿತ ಎಂಬುದು ನನ್ನ ಅಭಿಪ್ರಾಯ.

ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸುವ ಡಿಫರೆನ್ಷಿಯಲ್ ಗೇರನ್ನೂ ಬದಲಿಸಿದ ವಾಹನದಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಗೇರ್‌ಬಾಕ್ಸಿನ ಶಾಫ್ಟಿನಿಂದ ವೇಗ ಓದುವ ವಾಹನಕ್ಕೆ 3.73ರ ಬದಲು 4.10 ಅನುಪಾತದ (ಚಕ್ರದ ಒಂದು ಸುತ್ತಿಗೆ ಶಾಫ್ಟಿನ ಸುತ್ತುಗಳು) ಗೇರ್ ಹಾಕಿದರೆ, ಅಷ್ಟೇ ದೂರಕ್ಕೆ ಶಾಫ್ಟ್ ಸುಮಾರು ಶೇ. 10ರಷ್ಟು ಹೆಚ್ಚು ತಿರುಗುವುದರಿಂದ ಓಡೋಮೀಟರ್ ದೂರವನ್ನು ಹೆಚ್ಚಾಗಿ ತೋರಿಸುತ್ತದೆ. ಟಯರ್ ಅದನ್ನು ಕಡಿಮೆ ತೋರಿಸುತ್ತದೆ. ಎರಡೂ ಸೇರಿ ಸುಮಾರು ಶೇ. 2.7ರಷ್ಟು ಹೆಚ್ಚಿನ ಅಂಕಿ ಉಳಿಯುತ್ತದೆ. ಚಕ್ರದ ಸುತ್ತುಗಳನ್ನೇ ಎಣಿಸುವ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನಿಂದ ಓದುವ ವಾಹನಕ್ಕೆ ಗೇರ್ ಬದಲಾವಣೆ ತಟ್ಟುವುದೇ ಇಲ್ಲ. ನನ್ನದು ಎರಡನೆಯ ಬಗೆಯದಾದ್ದರಿಂದ ಟಯರಿನ ಲೆಕ್ಕವೊಂದೇ ಸಾಕಾಯಿತು.

ಆದರೆ ಟಯರಿನ ಮೇಲೆ ಅಚ್ಚಾದ ಅಳತೆಯನ್ನು ನಾನು ಅಂತಿಮವೆಂದು ಒಪ್ಪಲಿಲ್ಲ. ಭಾರ ಬಿದ್ದ ಟಯರ್ ನೆಲ ತಾಗುವಲ್ಲಿ ಚಪ್ಪಟೆಯಾಗುವುದರಿಂದ ಒಂದು ಸುತ್ತಿಗೆ ಅದು ಕ್ರಮಿಸುವ ದೂರ ಲೆಕ್ಕದ ಸುತ್ತಳತೆಗಿಂತ ತುಸು ಕಡಿಮೆ. ಟಯರಿನ ಮೇಲ್ಮೈಯ ಉಬ್ಬುಗಳು ಸವೆಯುತ್ತ ಬಂದಂತೆ ಅದು ಮತ್ತೂ ತಗ್ಗುತ್ತದೆ. ಕಂಪನಿಯ ಮೂಲ ಓಡೋಮೀಟರೇ ಪೂರ್ತಿ ನಿಖರವಾಗಿತ್ತೆಂಬ ಭರವಸೆಯೂ ಇಲ್ಲ. ಹೀಗಾಗಿ ಆಕಾಶ ತೆರೆದಿರುವ, ಸುರಂಗಗಳಿಲ್ಲದ ಹೆದ್ದಾರಿಯಲ್ಲಿ ಸೆಕೆಂಡಿಗೊಮ್ಮೆ ಸ್ಥಾನ ದಾಖಲಿಸುವ ಜಿಪಿಎಸ್ ಇಟ್ಟುಕೊಂಡು 100 ಕಿ.ಮೀ.ಗೂ ಹೆಚ್ಚು ದೂರ ನಿಲ್ಲದೆ ಓಡಿಸಿ, ಜಿಪಿಎಸ್ ದೂರವನ್ನು ಟ್ರಿಪ್ ಮೀಟರಿನ ದೂರದಿಂದ ಭಾಗಿಸಿ, ಮೀಟರಿನ ದೂರವನ್ನು ಗುಣಿಸಬೇಕಾದ ಗುಣಕ ಪಡೆದೆ. ನಿಂತಲ್ಲೇ ನಿಂತಾಗ ಜಿಪಿಎಸ್ ಅತ್ತಿತ್ತ ಅಲೆದು ಇಲ್ಲದ ದೂರವನ್ನು ಕೂಡಿಸಬಲ್ಲದು, ಅಂಕುಡೊಂಕಿನ ರಸ್ತೆಯಲ್ಲಿ ತಿರುವುಗಳನ್ನು ಕತ್ತರಿಸಿ ದೂರವನ್ನು ಕಡಿಮೆ ಮಾಡಬಲ್ಲದು. ನೇರವಾದ ರಸ್ತೆಯನ್ನೇ ಆರಿಸಿದ್ದು ಇದಕ್ಕಾಗಿ. ಟಯರ್ ಸವೆದಂತೆ ಈ ಗುಣಕವನ್ನು ಆಗಾಗ ಪರೀಕ್ಷಿಸುತ್ತೇನೆ. ವಾಹನದ ಕಂಪ್ಯೂಟರಿನಲ್ಲಿ ಟಯರಿನ ಅಳತೆಯನ್ನು ಈಗಾಗಲೇ ತಿದ್ದಿಸಿದವರು ಹಳೆಯ ಗುಣಕವನ್ನು ಮತ್ತೆ ಹಾಕಿದರೆ ಮೈಲೇಜ್ ಸುಳ್ಳೇ ಏರುತ್ತದೆ.

ಸ್ಪೀಡೋಮೀಟರಿನ ತಪ್ಪಿನಿಂದ ಓಡೋಮೀಟರಿನ ತಪ್ಪನ್ನು ಊಹಿಸುವ ರೂಢಿಯೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಲು ಮಾತ್ರ ಅವಕಾಶವಿದೆ. ಆದ್ದರಿಂದ ಅದರ ಮುಳ್ಳನ್ನು ಬೇಕೆಂದೇ ಮುಂದಕ್ಕಿಟ್ಟಿರುತ್ತಾರೆ. ಓಡೋಮೀಟರಿನ ಲೆಕ್ಕದಲ್ಲಿ ಆ ಒಲವು ಇರಬೇಕಾಗಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಟಯರ್ ಹಾಕಿದ ಮೇಲೂ ಮುಳ್ಳನ್ನು ಹಳೆಯ ಅಂಕಿಯಲ್ಲೇ ಇಟ್ಟು ಓಡಿಸಿದರೆ ವಾಹನ ಮೊದಲಿಗಿಂತ ಶೇ. 7ರಷ್ಟು ವೇಗವಾಗಿ ಹೋಗುತ್ತಿರುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅಷ್ಟಕ್ಕೇ ಪ್ರತಿರೋಧ ಸುಮಾರು ಶೇ. 14ರಷ್ಟು ಹೆಚ್ಚುತ್ತದೆ, ಮತ್ತು ಆ ಖರ್ಚೆಲ್ಲ ಟಯರಿನ ಲೆಕ್ಕಕ್ಕೆ ಬೀಳುತ್ತದೆ. ಮೊದಲಿನ ಮತ್ತು ಈಗಿನ ಮೈಲೇಜನ್ನು ಹೋಲಿಸುವ ಓಟಗಳಲ್ಲಿ ನಾನು ಜಿಪಿಎಸ್ ತೋರಿಸುವ ವೇಗವನ್ನಷ್ಟೇ ನೋಡುತ್ತೇನೆ.

ಇಂಧನದ ವಿಷಯದಲ್ಲಿ ಕ್ರಮ ಸರಳವಾಗಿದೆ, ಶಿಸ್ತು ಮಾತ್ರ ಬೇಕು. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ವಾಹನವನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ನಾಝಲ್ ಮೊದಲ ಸಲ ತಾನಾಗಿ ನಿಂತ ಕೂಡಲೇ ಮುಗಿಸುತ್ತೇನೆ. ಡೀಸೆಲ್ ನೊರೆಯೇಳುವುದರಿಂದ ನಿಧಾನವಾಗಿ ತುಂಬಿಸಲು ಹೇಳುತ್ತೇನೆ. ಪಿಕಪ್‌ನ ಹಿಂದಿನ ತೊಟ್ಟಿಯಲ್ಲಿ ಭಾರವಿದ್ದಾಗ ಹಿಂಭಾಗ ತಗ್ಗಿ ಟ್ಯಾಂಕಿನ ಓರೆ ಬದಲಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಭಾರದಲ್ಲಿ ತುಂಬಿಸುವುದು ಒಳ್ಳೆಯದು. ಹೆಚ್ಚುವರಿ ಟ್ಯಾಂಕ್ ಇದ್ದವರು ಎರಡನ್ನೂ ತುಂಬಿಸಬೇಕು, ಇಲ್ಲವೇ ಅದರ ವಾಲ್ವನ್ನು ಮುಚ್ಚಿಡಬೇಕು. ಇಷ್ಟೆಲ್ಲ ಮಾಡಿದರೂ ಒಂದು ಲೀಟರಿನ ಏರುಪೇರು ಉಳಿಯುತ್ತದೆ ಎಂದುಕೊಳ್ಳೋಣ: 60 ಲೀಟರಿನಲ್ಲಿ ಅದು ಶೇ. 1.7, ಸಾಲಾಗಿ ತುಂಬಿಸಿದ 300 ಲೀಟರಿನಲ್ಲಿ ಶೇ. 0.3 ಮಾತ್ರ. ಇಂಧನದ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ ಡೀಸೆಲ್‌ನ ಗಾತ್ರ ಸುಮಾರು ಶೇ. 0.8ರಷ್ಟು, ಪೆಟ್ರೋಲ್‌ನದು ಶೇ. 1ರ ಹತ್ತಿರ ಬದಲಾಗುತ್ತದೆ. ಬೇಸಿಗೆಯ ಅಂಕಿಯನ್ನು ಚಳಿಗಾಲದ್ದಕ್ಕೆ ಹೋಲಿಸುವಾಗ ಇದು ನೆನಪಿರಬೇಕು.

ಡ್ಯಾಶ್‌ಬೋರ್ಡಿನ ಮೈಲೇಜನ್ನು ನಾನು ಪುಸ್ತಕಕ್ಕೆ ಸೇರಿಸುವುದಿಲ್ಲ. ಅದು ಇಂಧನವನ್ನು ನೇರವಾಗಿ ಅಳೆಯದೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿಗೆ ಕೊಟ್ಟ ಆಜ್ಞೆಯಿಂದ ಲೆಕ್ಕ ಹಾಕುತ್ತದೆ. ದೊಡ್ಡ ಇಂಜೆಕ್ಟರ್ ಹಾಕಿದರೆ ಆ ಲೆಕ್ಕ ಕೆಡುತ್ತದೆ. ರೈಲ್ (ಇಂಜೆಕ್ಟರುಗಳಿಗೆ ಡೀಸೆಲ್ ಒದಗಿಸುವ ಕೊಳವೆ) ಒತ್ತಡದ ಸೆನ್ಸರಿನ ಸಂಕೇತವನ್ನು ತಗ್ಗಿಸಿ ಕಂಪ್ಯೂಟರನ್ನು ನಂಬಿಸುವ ಟ್ಯೂನಿಂಗ್ ಪೆಟ್ಟಿಗೆಗಳಂತೂ, ಹೆಚ್ಚು ಡೀಸೆಲ್ ಕುಡಿಸುತ್ತಲೇ ಪರದೆಯ ಮೇಲೆ ಒಳ್ಳೆಯ ಮೈಲೇಜ್ ತೋರಿಸುತ್ತವೆ.

ಸರಾಸರಿ ತೆಗೆಯುವಾಗ ಒಟ್ಟು ದೂರವನ್ನು ಒಟ್ಟು ಲೀಟರಿನಿಂದಲೇ ಭಾಗಿಸಬೇಕು. ಒಂದು ಸಾವಿರ ಕಿ.ಮೀ. 8ರಂತೆ, ಮತ್ತೊಂದು ಸಾವಿರ 12ರಂತೆ ಓಡಿದರೆ ಸರಾಸರಿ 10 ಆಗದೆ 9.6 ಆಗುತ್ತದೆ.

ಯಾವ ಬದಲಾವಣೆಗೆ ಎಷ್ಟು ದಂಡ ಎಂದು ತಿಳಿಯಲು, ಸುಲಭವಾಗಿ ಬಿಚ್ಚಿ ಜೋಡಿಸಬಹುದಾದ ಕ್ಯಾರಿಯರಿನಿಂದ ಶುರುಮಾಡಿದೆ. ಅದೇ ರಸ್ತೆಯಲ್ಲಿ, ಗಾಳಿಯ ಪ್ರಭಾವ ಸರಿದೂಗಲೆಂದು ಹೋಗುತ್ತಲೂ ಬರುತ್ತಲೂ, ಮೊದಲು ಕ್ಯಾರಿಯರ್ ಸಹಿತ, ಬಳಿಕ ಬಿಚ್ಚಿ, ಮತ್ತೆ ಜೋಡಿಸಿ ಓಡಿಸುತ್ತೇನೆ. ಮೂರನೆಯ ಅಂಕಿ ಮೊದಲನೆಯದರ ಹತ್ತಿರಕ್ಕೆ ಮರಳದಿದ್ದರೆ, ನಡುವೆ ಕಂಡ ವ್ಯತ್ಯಾಸವನ್ನು ಕ್ಯಾರಿಯರಿನ ಖಾತೆಗೆ ಬರೆಯದೆ ಓಟವನ್ನು ಮತ್ತೊಮ್ಮೆ ಮಾಡುತ್ತೇನೆ.